ಐಟಿಐ ಮುಗಿದ ಮೇಲಿನ ಎರಡು ವರ್ಷ

(ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಮತ್ತು ಅವರ ಮನೆಯವರ ಮುಂದೆ ತಾಲ್ಲೂಕು ಕೇಂದ್ರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎಲೆಕ್ಟ್ರಿಷಿಯನ್ ಆಗಬೇಕು ಅಂದರೆ ಏನು ಮಾಡಬೇಕು ಅಂತ ಕೇಳಿ ನೋಡಿ. ನಮ್ಮ ಕಡೆ ಎರಡೇ ಉತ್ತರ ಸಿಗುತ್ತವೆ. ಒಂದು, "ಐಟಿಐಗೆ ಹಾಕಿ". ಇನ್ನೊಂದು, "ಯಾರಾದರೂ ಮೇಸ್ತ್ರಿ ಹಿಂದೆ ಕಳಿಸಿ, ತಾನೇ ಕಲೀತಾನೆ". ಎರಡೂ ಸುಳ್ಳಲ್ಲ. ಆದರೆ ಎರಡೂ ಅರ್ಧ ದಾರಿಗೆ ನಿಂತುಬಿಡುತ್ತವೆ. ಐಟಿಐಗೆ ಹೋದವನ ಕೈಯಲ್ಲಿ ಕಾಗದ ಇರುತ್ತದೆ, ಕೆಲಸ ಕೈಗೆ ಹತ್ತಿರುವುದಿಲ್ಲ. ಮೇಸ್ತ್ರಿ ಹಿಂದೆ ಹೋದವನಿಗೆ ಕೆಲಸ ಬರುತ್ತದೆ, ಕಾಗದ ಇರುವುದಿಲ್ಲ. ಇಬ್ಬರ ಹತ್ತಿರವೂ ಇಲ್ಲದ ಮೂರನೆಯದೊಂದಿದೆ, ಅದು ವೈರಿಂಗ್ ಮಾಡಲು ಸರ್ಕಾರ ಕೊಡುವ ಪರ್ಮಿಟ್. ಅದರ ಬಗ್ಗೆ ಆಮೇಲೆ ಜಾಸ್ತಿ ಮಾತಾಡುತ್ತೇನೆ.

ನಾನು ಎಲೆಕ್ಟ್ರಿಷಿಯನ್ ಟ್ರೇಡ್‌ನ ಮಕ್ಕಳಿಗೆ ಪಾಠ ಹೇಳಿಕೊಟ್ಟವನು. ಒಂದೇ ಬ್ಯಾಚಿನಲ್ಲಿ, ಒಂದೇ ಟೇಬಲ್ ಮೇಲೆ ವೈರಿಂಗ್ ಮಾಡಿದ ಹುಡುಗರು ನಾಲ್ಕಾರು ವರ್ಷದಲ್ಲಿ ಎಲ್ಲೆಲ್ಲೋ ಹೋಗಿರುತ್ತಾರೆ. ಒಬ್ಬ ಲೈಸೆನ್ಸ್ ಇರುವ ಗುತ್ತಿಗೆದಾರ, ಕೈಕೆಳಗೆ ಆರು ಜನ. ಇನ್ನೊಬ್ಬ ಇನ್ನೂ ದಿನಗೂಲಿಗೆ ಗೋಡೆ ಕೊರೆಯುತ್ತಿರುತ್ತಾನೆ. ಅಂಕದಲ್ಲಿ ಇಬ್ಬರಿಗೂ ಅಷ್ಟೇನೂ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಆಗಿದ್ದು ಐಟಿಐ ಮುಗಿದ ಮೇಲಿನ ಎರಡು ವರ್ಷದಲ್ಲಿ. ಮನೆಯವರು ಯೋಚನೆ ಮಾಡುವುದು ಸೀಟು ಸಿಗುವವರೆಗೆ ಮಾತ್ರ. ಇವತ್ತು ನಾನು ಅದರಾಚೆಯ ಮಾತಾಡೋಣ ಅಂತ ಬಂದಿದ್ದೇನೆ.

ಮೊದಲು ಸೀಟಿನ ವಿಷಯ ಬೇಗ ಮುಗಿಸಿಬಿಡುತ್ತೇನೆ. ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷದ್ದು. ವಿಜ್ಞಾನ, ಗಣಿತ ಓದಿ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಎಂಟನೇ ತರಗತಿ ಪಾಸಾದವರಿಗೆ ವೈರ್‌ಮನ್ ಟ್ರೇಡ್ ಇದೆ, ಅದೂ ಎರಡು ವರ್ಷ. ಹತ್ತನೇ ತರಗತಿಯಲ್ಲಿ ನಪಾಸಾದ ಹುಡುಗನ ಮನೆಯವರು "ಇನ್ನೇನು, ಮುಗೀತು" ಅಂತ ಕೂರುತ್ತಾರಲ್ಲ, ಅವರಿಗೆ ಇದು ಗೊತ್ತೇ ಇರುವುದಿಲ್ಲ. ಸೋಲಾರ್ ಟೆಕ್ನಿಷಿಯನ್ ಒಂದು ವರ್ಷದ್ದು. ಫ್ರಿಜ್ಜು ಮತ್ತು ಏಸಿಯದು ಎರಡು ವರ್ಷ. ಸರ್ಕಾರಿ ಐಟಿಐಗೆ ಅರ್ಜಿ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಮೂಲಕ, ಆನ್‌ಲೈನ್‌ನಲ್ಲಿ. ಅಂಕ ಮತ್ತು ಮೀಸಲಾತಿ ನೋಡಿ ಸೀಟು ಹಂಚುತ್ತಾರೆ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದ್ದಾರೆ. ನಿಮ್ಮ ಹತ್ತಿರದ್ದು ಅದರಲ್ಲಿ ಇದೆಯಾ ನೋಡಿ. ಇದ್ದರೆ ಅಲ್ಲಿನ ಹೊಸ ಯಂತ್ರಗಳನ್ನು ಒಮ್ಮೆ ಕಣ್ಣಾರೆ ನೋಡಿ ಬನ್ನಿ.

ಖಾಸಗಿ ಐಟಿಐಗೆ ಸೇರಿಸುವವರಿಗೆ ಒಂದು ಮಾತು. ಸಂಸ್ಥೆಗೆ ಮಾನ್ಯತೆ ಇದೆ ಅಂದ ಮಾತ್ರಕ್ಕೆ ಸಾಲದು. ನೀವು ಸೇರುವ ಟ್ರೇಡ್‌ಗೆ, ಅಷ್ಟು ಸೀಟಿಗೆ ಮಾನ್ಯತೆ ಇದೆಯಾ ನೋಡಬೇಕು. ಎಲೆಕ್ಟ್ರಿಷಿಯನ್‌ನಲ್ಲಿ ಒಂದು ಯೂನಿಟ್ ಅಂದರೆ 20 ಮಕ್ಕಳು. ಎರಡು ಯೂನಿಟ್ ಇದ್ದ ಕಡೆ ಅರವತ್ತು ಮಕ್ಕಳು ಕೂತಿದ್ದರೆ, ಲೆಕ್ಕ ನೀವೇ ಹಾಕಿ. ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಐಟಿಐ ಹೆಸರು ಹೊಡೆದರೆ ಟ್ರೇಡು, ಯೂನಿಟ್ಟು ಎಲ್ಲಾ ತೋರಿಸುತ್ತದೆ. ದುಡ್ಡು ಕಟ್ಟುವ ಮುಂಚೆ ನೋಡಿ. ಕಟ್ಟಿದ ಮೇಲೆ ನೋಡಿ ಪ್ರಯೋಜನ ಇಲ್ಲ.

ಇನ್ನು ಒಳಗೆ ಏನು ಕಲಿಯಬೇಕು? ಸಿಲಬಸ್ ಓದಿ ಹೇಳುವುದಿಲ್ಲ. ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಹೊಸ ಮನೆಯ ವೈರಿಂಗ್ ಮುಗಿದ ಮೇಲೆ, ಕರೆಂಟ್ ಕೊಡುವ ಮುಂಚೆ ಮೆಗ್ಗರ್, ಅಂದರೆ ಇನ್ಸುಲೇಷನ್ ಅಳೆಯುವ ಮೀಟರ್, ಹಾಕಿ ನೋಡಬೇಕು. 500 ವೋಲ್ಟ್ ಕೊಟ್ಟಾಗ ವೈರಿನ ಇನ್ಸುಲೇಷನ್ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಆಮೇಲೆ ಅರ್ತಿಂಗ್ ಅಳೆಯಬೇಕು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚಿನ) ಟೆಸ್ಟ್ ಬಟನ್ ಒತ್ತಿ ಟ್ರಿಪ್ ಆಗುತ್ತಾ ನೋಡಬೇಕು. ಇದಿಷ್ಟಕ್ಕೆ ಅರ್ಧ ಗಂಟೆ ಸಾಕು. ಐಟಿಐ ಮುಗಿಸಿದ ಎಷ್ಟೋ ಹುಡುಗರು ಮೆಗ್ಗರ್ ಹಿಡಿದೇ ಇರುವುದಿಲ್ಲ. ಇಡೀ ಬ್ಯಾಚಿಗೆ ಒಂದೇ ಇರುತ್ತದೆ, ಅದು ಬೀರುವಿನಲ್ಲಿ ಭದ್ರವಾಗಿರುತ್ತದೆ. ನೀವು ಕೇಳಿ. "ಸಾರ್, ಮೆಗ್ಗರ್ ತೆಗೀರಿ, ನಾನೊಂದು ಸಲ ಮಾಡ್ತೀನಿ" ಅಂತ ಬಾಯಿಬಿಟ್ಟು ಕೇಳಿ. ಕೇಳಿದವನಿಗೆ ಇಲ್ಲ ಅನ್ನುವ ಮೇಷ್ಟ್ರು ಕಡಿಮೆ. ಕೇಳುವ ಹುಡುಗರೂ ಕಡಿಮೆ.

ದೇಶದಲ್ಲಿ ಪ್ರತಿ ವರ್ಷ ಕರೆಂಟ್ ಹೊಡೆದು ಸಾಯುವವರು ಹತ್ತು ಸಾವಿರಕ್ಕೂ ಜಾಸ್ತಿ. ಈ ಕಸುಬಿನಲ್ಲಿ "ಅಂದಾಜು" ಅನ್ನುವುದಕ್ಕೆ ಜಾಗ ಇಲ್ಲ. ಟೆಸ್ಟರ್ ಉರಿಯಲಿಲ್ಲ, ಆದ್ದರಿಂದ ಕರೆಂಟ್ ಇಲ್ಲ ಅಂತ ಕೈ ಹಾಕುವವನು ಎಲೆಕ್ಟ್ರಿಷಿಯನ್ ಅಲ್ಲ. ಅವನ ಅದೃಷ್ಟ ಇನ್ನೂ ಕೈಕೊಟ್ಟಿಲ್ಲ, ಅಷ್ಟೇ.

ಈಗ ಅಸಲು ವಿಷಯಕ್ಕೆ ಬರೋಣ. ಐಟಿಐ ಮುಗಿಯಿತು. ಮುಂದೆ?

ಮೊದಲನೆಯದು ಅಪ್ರೆಂಟಿಸ್‌ಶಿಪ್, ಅಂದರೆ ಒಂದು ಸಂಸ್ಥೆಯಲ್ಲಿ ಸ್ಟೈಪೆಂಡ್ ಪಡೆಯುತ್ತಾ ಕೆಲಸ ಕಲಿಯುವುದು. 1961ರ ಕಾಯ್ದೆ ಇದು, ಹೊಸದೇನೂ ಅಲ್ಲ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅಂದರೆ ಅವರು ನಿಮಗೆ ಉಪಕಾರ ಮಾಡುತ್ತಿಲ್ಲ, ಕಾನೂನು ಪಾಲಿಸುತ್ತಿದ್ದಾರೆ. ಎಲೆಕ್ಟ್ರಿಷಿಯನ್ ಐಟಿಐ ಮಾಡಿದವರಿಗೆ ಒಂದು ವರ್ಷ. ತಿಂಗಳಿಗೆ ಸ್ಟೈಪೆಂಡ್ ಇದೆ. 2019ರ ನಿಯಮ ಐಟಿಐನವರಿಗೆ ನಿಗದಿ ಮಾಡಿದ್ದು ಕನಿಷ್ಠ 7,000 ರೂಪಾಯಿ. ಕೆಲವು ಕಂಪನಿ ಅದಕ್ಕಿಂತ ಜಾಸ್ತಿ ಕೊಡುತ್ತವೆ. ಕೊನೆಗೆ ಪರೀಕ್ಷೆ ಬರೆದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ.

ಇಲ್ಲೊಬ್ಬ ತಂದೆ ಎದ್ದು ಕೇಳಿದರು: "ಏಳು ಸಾವಿರಕ್ಕೆ ಬೆಂಗಳೂರಲ್ಲಿ ರೂಮ್ ಬಾಡಿಗೆ ಆಗಲ್ಲ. ಇಲ್ಲೇ ಮೇಸ್ತ್ರಿ ಹತ್ರ ದಿನಗೂಲಿಗೆ ಹೋದ್ರೆ ತಿಂಗಳಿಗೆ ಅದಕ್ಕಿಂತ ಜಾಸ್ತಿ ಬೀಳುತ್ತೆ, ಅಲ್ವಾ?"

ನಿಜ. ಲೆಕ್ಕ ಸರಿಯಾಗಿದೆ. ಅದನ್ನು ಮುಚ್ಚಿಟ್ಟು "ತ್ಯಾಗ ಮಾಡಿ" ಅಂತ ಹೇಳುವುದು ಮೋಸ. ಆದರೆ ಆ ಒಂದು ವರ್ಷದಲ್ಲಿ ಏನು ಸಿಗುತ್ತದೆ ಅಂತಲೂ ಲೆಕ್ಕಕ್ಕೆ ಹಿಡಿಯಿರಿ. ಮನೆ ವೈರಿಂಗ್‌ನಲ್ಲಿ ಹುಡುಗ ನೋಡುವುದು ಸಿಂಗಲ್ ಫೇಸ್, ಡಿಬಿ, ಪಾಯಿಂಟು. ಕಾರ್ಖಾನೆಯಲ್ಲಿ ನೋಡುವುದು ಸ್ಟಾರ್ ಡೆಲ್ಟಾ ಸ್ಟಾರ್ಟರ್, ಪ್ಯಾನಲ್ ಬೋರ್ಡು, ಪಿಎಲ್‌ಸಿ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್), ಟ್ರಾನ್ಸ್‌ಫಾರ್ಮರ್ ಯಾರ್ಡು. ಡ್ರಾಯಿಂಗ್ ಓದಿ ಕೆಲಸ ಮಾಡುವುದು. ಕೆಲಸ ಶುರು ಮಾಡುವ ಮುಂಚೆ ಸ್ವಿಚ್ಚಿಗೆ ಬೀಗ ಹಾಕಿ, ಚೀಟಿ ತಗುಲಿಸಿ, ಕೀಲಿ ಜೇಬಿಗಿಡುವ ಶಿಸ್ತು. ಈ ಶಿಸ್ತನ್ನು ಮೇಸ್ತ್ರಿ ಹತ್ತಿರ ಕಲಿತವರನ್ನು ನಾನು ತೀರಾ ಅಪರೂಪಕ್ಕೆ ನೋಡಿದ್ದೇನೆ. ಮನೆಯ ಹತ್ತಿರವೇ ಸಕ್ಕರೆ ಕಾರ್ಖಾನೆಯೋ, ಸಿಮೆಂಟ್ ಕಾರ್ಖಾನೆಯೋ, ದೊಡ್ಡ ಆಸ್ಪತ್ರೆಯೋ ಇದ್ದರೆ ಮೊದಲು ಅಲ್ಲಿ ಕೇಳಿ. ಬಾಡಿಗೆ ಉಳಿಯುತ್ತದೆ.

ಸರ್ಕಾರಿ ವಲಯದಲ್ಲಿ ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಇವೆ. ಹುಬ್ಬಳ್ಳಿ, ಮೈಸೂರು ಕಡೆಯವರಿಗೆ ನೈಋತ್ಯ ರೈಲ್ವೆ ಇದೆ. ರೈಲ್ವೆ ಅಪ್ರೆಂಟಿಸ್‌ಗೆ ಪರೀಕ್ಷೆ ಇಲ್ಲ. ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕ ನೋಡಿ ಪಟ್ಟಿ ಮಾಡುತ್ತಾರೆ. ಅದಕ್ಕೇ ಹೇಳುವುದು, "ಹೇಗೂ ಐಟಿಐ ಅಲ್ವಾ, ಪಾಸಾದರೆ ಸಾಕು" ಅನ್ನಬೇಡಿ ಅಂತ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಆಮೇಲೆ ಲೆವೆಲ್ 1 ನೇಮಕಾತಿಯಲ್ಲಿ ಶೇಕಡಾ 20ರಷ್ಟು ಜಾಗ ಮೀಸಲು. ಸಹಾಯಕ ಲೋಕೋ ಪೈಲಟ್ ಹುದ್ದೆಗೂ ಎಲೆಕ್ಟ್ರಿಷಿಯನ್ ಐಟಿಐ ನಡೆಯುತ್ತದೆ. ರೈಲು ಓಡಿಸುವ ಕೆಲಸಕ್ಕೆ ಈ ದಾರಿಯಿಂದ ಹೋಗಬಹುದು ಅಂತ ಹೇಳಿದರೆ ಹುಡುಗರ ಕಣ್ಣು ಅರಳುತ್ತದೆ, ಪ್ರತಿ ಸಲವೂ.

ಈಗ ಪರ್ಮಿಟ್. ಇದರ ಬಗ್ಗೆ ಯಾರೂ ಹೇಳುವುದಿಲ್ಲ. ಅದಕ್ಕೇ ನಾನು ಇದನ್ನೇ ಎಳೆದೆಳೆದು ಹೇಳುತ್ತೇನೆ.

ನಮ್ಮ ದೇಶದಲ್ಲಿ ವೈರಿಂಗ್ ಮಾಡುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ ಅಲ್ಲ. 1956ರ ವಿದ್ಯುತ್ ನಿಯಮಗಳಲ್ಲೇ ಇದು ಇತ್ತು. ಈಗ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಯಲ್ಲೂ ಇದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ, ಹೊಸ ವೈರಿಂಗ್ ಆಗಲಿ, ಇದ್ದದ್ದನ್ನು ಹೆಚ್ಚಿಸುವುದಾಗಲಿ, ರಿಪೇರಿಯಾಗಲಿ, ಮೂರು ಜನ ಸೇರಿ ಮಾಡಬೇಕು. ಲೈಸೆನ್ಸ್ ಇರುವ ಗುತ್ತಿಗೆದಾರ ಕೆಲಸ ಹಿಡಿಯಬೇಕು. ಅರ್ಹತಾ ಪತ್ರ ಇರುವ ಸೂಪರ್‌ವೈಸರ್ ಮೇಲುಸ್ತುವಾರಿ ನೋಡಬೇಕು. ಪರ್ಮಿಟ್ ಇರುವ ವೈರ್‌ಮನ್ ಕೈಯಾರೆ ಮಾಡಬೇಕು. ಕರ್ನಾಟಕದಲ್ಲಿ ಈ ಮೂರನ್ನೂ ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ಬೆಸ್ಕಾಂ, ಹೆಸ್ಕಾಂ ಆಫೀಸು ಬೇರೆ, ಇದು ಬೇರೆ. ಎಷ್ಟೋ ಜನ ಕರೆಂಟ್ ಬಿಲ್ ಕಟ್ಟುವ ಕೌಂಟರ್‌ಗೆ ಹೋಗಿ ಪರ್ಮಿಟ್ ಕೇಳುತ್ತಾರೆ.

ಪುಸ್ತಕದಲ್ಲಿ ಹೀಗಿದೆ. ಊರಿನಲ್ಲಿ ಹೇಗಿದೆ? ನಿಮಗೇ ಗೊತ್ತು. ಹುಡುಗರು ಕೆಲಸ ಮಾಡುತ್ತಾರೆ. ಮನೆ ಮುಗಿದ ಮೇಲೆ ಮೀಟರ್‌ಗೆ ಅರ್ಜಿ ಹಾಕುವಾಗ ಕಂಪ್ಲೀಷನ್ ರಿಪೋರ್ಟ್ ಬೇಕು. ಆಗ ಲೈಸೆನ್ಸ್ ಇರುವ ಯಾರದೋ ಸಹಿ ಹಾಕಿಸಿಕೊಂಡು ಬರುತ್ತಾರೆ. ಸಹಿ ಹಾಕಿದವರು ಆ ಮನೆಯ ಹೊಸಿಲು ತುಳಿದಿರುವುದಿಲ್ಲ. ಸಹಿಗೆ ದುಡ್ಡು. ಬೆವರು ಸುರಿಸಿದವನು ಒಬ್ಬ, ಕಾಗದದ ಮೇಲಿನ ಹೆಸರು ಇನ್ನೊಬ್ಬರದು. ಏನಾದರೂ ಹೆಚ್ಚುಕಡಿಮೆ ಆದರೆ ಕೆಲಸ ಮಾಡಿದ ಹುಡುಗನ ಪರವಾಗಿ ನಿಲ್ಲಲು ಒಂದು ಚೂರು ಕಾಗದವೂ ಇರುವುದಿಲ್ಲ.

ಹಾಗಾಗಿ ಐಟಿಐ ಪ್ರಮಾಣಪತ್ರ ಕೈಗೆ ಬಂದ ವರ್ಷವೇ ವೈರ್‌ಮನ್ ಪರ್ಮಿಟ್‌ಗೆ ಅರ್ಜಿ ಹಾಕಿ. ಯಾವ ಅರ್ಹತೆಗೆ ಎಷ್ಟು ಅನುಭವ, ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಜಿಲ್ಲೆಯ ಪರಿವೀಕ್ಷಕರ ಕಚೇರಿಯಲ್ಲೇ ಕೇಳಿ. ಏಜೆಂಟರ ಮೂಲಕ ಹೋಗಬೇಡಿ. ಅಲ್ಲಿಂದ ಮುಂದೆ ನೀವು ಮಾಡಿದ ಕೆಲಸ ನಿಮ್ಮ ಅನುಭವವಾಗಿ ದಾಖಲಾಗುತ್ತಾ ಹೋಗುತ್ತದೆ. ಆಮೇಲೆ ಸೂಪರ್‌ವೈಸರ್, ಅದರಾಚೆ ಗುತ್ತಿಗೆದಾರ. ಗುತ್ತಿಗೆದಾರನಾದರೆ ಸರ್ಕಾರಿ ಟೆಂಡರ್ ಹಾಕಬಹುದು. ಅಪಾರ್ಟ್‌ಮೆಂಟ್ ಕೆಲಸ ನೇರವಾಗಿ ಹಿಡಿಯಬಹುದು. ಪಾಯಿಂಟ್ ಲೆಕ್ಕದಲ್ಲಿ ಇನ್ನೊಬ್ಬರು ಕೊಟ್ಟಷ್ಟು ತೆಗೆದುಕೊಳ್ಳುವ ಕಾಲ ಅಲ್ಲಿಗೆ ಮುಗಿಯಿತು. ನಾನು ಮೊದಲು ಹೇಳಿದ ಇಬ್ಬರು ಹುಡುಗರ ನಡುವಿನ ವ್ಯತ್ಯಾಸ ಇದೇ.

ಕಟ್ಟಡದ ವೈರಿಂಗ್ ಮಾಡುವವರಿಗೆ ಇನ್ನೊಂದು ಸಣ್ಣ ಮಾತು. ನೀವೂ ಕಟ್ಟಡ ಕಾರ್ಮಿಕರೇ. ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ, 18ರಿಂದ 60ರ ಒಳಗಿನ ವಯಸ್ಸಾಗಿದ್ದರೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಗಾರೆಯವರು ಮಾಡಿಸಿಕೊಂಡಿರುತ್ತಾರೆ. ನಮ್ಮವರು "ಅದು ನಮಗಲ್ಲ" ಅಂತ ಸುಮ್ನೆ ಇರುತ್ತಾರೆ. ಪಿಎಂ ವಿಶ್ವಕರ್ಮ ಯೋಜನೆ ಬಗ್ಗೆಯೂ ಜನ ಕೇಳುತ್ತಾರೆ. ಅದರ 18 ಕಸುಬುಗಳ ಪಟ್ಟಿಯಲ್ಲಿ ಎಲೆಕ್ಟ್ರಿಷಿಯನ್ ಇಲ್ಲ. ಯಾರಾದರೂ ಮಾಡಿಸಿಕೊಡುತ್ತೇನೆ ಅಂತ ದುಡ್ಡು ಕೇಳಿದರೆ ಕೊಡಬೇಡಿ.

"ಪವರ್‌ಮ್ಯಾನ್ ಕೆಲಸಕ್ಕೆ ಐಟಿಐ ಬೇಕಾ ಸಾರ್?" ಅಂತ ಹಿಂದಿನ ಸಾಲಿನಿಂದ ಒಬ್ಬ ಕೇಳಿದ.

ಈ ಪ್ರಶ್ನೆ ಬರದ ಸಭೆಯೇ ಇಲ್ಲ. 2024ರಲ್ಲಿ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳಿಗೆ ಕಿರಿಯ ಸ್ಟೇಷನ್ ಪರಿಚಾರಕ, ಕಿರಿಯ ಪವರ್‌ಮ್ಯಾನ್ ಅಂತ 2975 ಹುದ್ದೆ ಕರೆದರು. ಅದಕ್ಕೆ ಕೇಳಿದ್ದು ಎಸ್ಸೆಸ್ಸೆಲ್ಸಿ. ಆ ಅಂಕದ ಮೇಲೆ ಆಯ್ಕೆ, ಜೊತೆಗೆ ದೈಹಿಕ ಪರೀಕ್ಷೆ. ಕಂಬ ಹತ್ತುವುದು ಕಡ್ಡಾಯ. ನನಗೆ ಇದು ಸರಿ ಕಾಣುವುದಿಲ್ಲ. ಎರಡು ವರ್ಷ ಕರೆಂಟಿನ ಪಾಠವನ್ನೇ ಕಲಿತ ಹುಡುಗ, ಹತ್ತನೇ ಕ್ಲಾಸಿನಲ್ಲಿ ಸಮಾಜ ವಿಜ್ಞಾನಕ್ಕೆ ಅಂಕ ಕಡಿಮೆ ಬಂತು ಅಂತ ಹಿಂದೆ ಬೀಳುತ್ತಾನೆ. ಆದರೆ ನಿಯಮ ನನ್ನ ಮಾತು ಕೇಳುವುದಿಲ್ಲ. ಈಗ ಹತ್ತನೇ ತರಗತಿ ಓದುತ್ತಿರುವ ತಮ್ಮ, ತಂಗಿ ಮನೆಯಲ್ಲಿದ್ದರೆ ಅವರಿಗೆ ಈ ಸುದ್ದಿ ಮುಟ್ಟಿಸಿ.

ನಮ್ಮದು 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿವರೆಗೆ ತಂತಿ ಎಳೆದ ನಾಡು. ಅಂದಿನಿಂದ ಇಂದಿನವರೆಗೂ ಮಳೆಗಾಲದ ರಾತ್ರಿ ಒಬ್ಬ ಮನುಷ್ಯ ಕಂಬ ಹತ್ತಲೇಬೇಕು. ಹಾಗಾಗಿ ಈ ಕೆಲಸಕ್ಕೆ ಆಸೆಪಡುವವರು ಸಂಬಳದ ಜೊತೆ ಅಪಾಯವನ್ನೂ ತಿಳಿದುಕೊಳ್ಳಿ. ಲೈನ್ ಕ್ಲಿಯರ್, ಅಂದರೆ ಲೈನಿನ ಕರೆಂಟ್ ತೆಗೆಸಿದ ಅನುಮತಿ, ತೆಗೆದುಕೊಂಡಿದ್ದರೂ ಯಾವುದೋ ಮನೆಯ ಜನರೇಟರ್‌ನಿಂದ ಕರೆಂಟ್ ವಾಪಸ್ ಲೈನಿಗೆ ಬರಬಹುದು. ಅದಕ್ಕೇ ಲೈನನ್ನು ನೆಲಕ್ಕೆ ಜೋಡಿಸುವ ಅರ್ತ್ ರಾಡ್ ಹಾಕದೆ ತಂತಿ ಮುಟ್ಟಬಾರದು. "ಎರಡೇ ನಿಮಿಷದ ಕೆಲಸ, ರಾಡ್ ಯಾಕೆ" ಅನ್ನುವ ಹಿರಿಯ ಸಹೋದ್ಯೋಗಿ ಎಲ್ಲ ಕಡೆ ಇರುತ್ತಾನೆ. ಅವನ ಮಾತನ್ನು ಕೇಳಬೇಡಿ.

ಐಟಿಐಗೆ ಹೋಗುವ ವಯಸ್ಸು, ಅನುಕೂಲ ಎರಡೂ ಇಲ್ಲದವರು ಈ ಸಭೆಯಲ್ಲಿ ಇದ್ದೀರಿ. ನಿಮಗೆ ರುಡ್‌ಸೆಟ್ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಸೇರಿ ಶುರು ಮಾಡಿದ ಸಂಸ್ಥೆ ಅದು. ಅದೇ ಮಾದರಿಯ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಈಗ ದೇಶದ ಜಿಲ್ಲೆ ಜಿಲ್ಲೆಯಲ್ಲೂ ಇವೆ. 18ರಿಂದ 45 ವರ್ಷದವರಿಗೆ ಊಟ, ವಸತಿ, ತರಬೇತಿ ಎಲ್ಲಾ ಉಚಿತ. ಮನೆ ವೈರಿಂಗ್ ಮತ್ತು ಮೋಟಾರ್ ರಿವೈಂಡಿಂಗ್ ತರಬೇತಿ ಸಾಮಾನ್ಯವಾಗಿ ತಿಂಗಳ ಅವಧಿಯದು. ತಿಂಗಳಲ್ಲಿ ಪೂರ್ತಿ ಎಲೆಕ್ಟ್ರಿಷಿಯನ್ ಆಗುವುದಿಲ್ಲ, ಅದು ಅವರಿಗೂ ಗೊತ್ತು. ಆದರೆ ಅಂಗಡಿ ಹಾಕುವ ಲೆಕ್ಕಾಚಾರ, ಬ್ಯಾಂಕ್ ಸಾಲದ ದಾರಿ ಅಲ್ಲಿ ಕಲಿಸಿದಂತೆ ಐಟಿಐನಲ್ಲಿ ಕಲಿಸುವುದಿಲ್ಲ.

ರಿವೈಂಡಿಂಗ್ ಅಂದೆ, ಅಂದರೆ ಸುಟ್ಟ ಮೋಟಾರಿನ ಕಾಯಿಲ್ ಮತ್ತೆ ಸುತ್ತುವುದು. ಬಯಲುಸೀಮೆಯವರು ಈ ಕೆಲಸವನ್ನು ಹಗುರವಾಗಿ ನೋಡಬೇಡಿ. ಬೋರ್‌ವೆಲ್ ಮೋಟಾರ್ ಸುಡುವುದು ಯಾಕೆ? ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದ ಎರಡರ ಮೇಲೆ ಭಾರ ಬಿದ್ದು ಕರೆಂಟ್ ಏರುತ್ತದೆ, ಕಾಯಿಲ್ ಕಾಯುತ್ತದೆ, ಸುಡುತ್ತದೆ. ಅದನ್ನು ತಡೆಯಲು ಪ್ರಿವೆಂಟರ್ ಇರುತ್ತದೆ. ರೈತರು ಅದನ್ನು ಬೈಪಾಸ್ ಮಾಡಿ, ಕಂಡೆನ್ಸರ್ ಹಾಕಿ ಓಡಿಸುತ್ತಾರೆ. ಅವರ ಕಷ್ಟ ಅವರಿಗೆ. ಬೆಳೆ ಒಣಗುವಾಗ ಫೇಸ್ ಬರುವವರೆಗೆ ಯಾರು ಕಾಯುತ್ತಾರೆ? ಬೇಸಿಗೆಯಲ್ಲಿ ರಿವೈಂಡಿಂಗ್ ಅಂಗಡಿ ಮುಂದೆ ಮೋಟಾರ್‌ಗಳು ಹೆರಿಗೆ ಆಸ್ಪತ್ರೆಯ ಟೋಕನ್ ಸಾಲಿನ ಹಾಗೆ ಕಾಯುತ್ತಿರುತ್ತವೆ. ಸುಟ್ಟ ಮೋಟಾರ್ ಕಟ್ಟಿಕೊಡುವುದರ ಜೊತೆಗೆ, ಅದು ಯಾಕೆ ಸುಟ್ಟಿತು ಅಂತ ರೈತನ ಸ್ಟಾರ್ಟರ್ ಪೆಟ್ಟಿಗೆ ತೆಗೆದು ತೋರಿಸುವ ಹುಡುಗನ ಅಂಗಡಿಗೇ ಜನ ಮತ್ತೆ ಬರುತ್ತಾರೆ.

ಇನ್ನು ಸೋಲಾರ್. ಪಾವಗಡದ 2,050 ಮೆಗಾವಾಟ್ ಪಾರ್ಕ್ ಎಲ್ಲರಿಗೂ ಗೊತ್ತು. ನಿಮಗೆ ಕೆಲಸ ಜಾಸ್ತಿ ಸಿಗುವುದು ಮನೆಗಳ ಚಾವಣಿಯ ಮೇಲೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆ. 3 ಕಿಲೋವಾಟ್‌ಗೆ 78,000 ರೂಪಾಯಿವರೆಗೆ ಸಬ್ಸಿಡಿ. ಇಲ್ಲಿ ಒಂದು ಎಚ್ಚರಿಕೆ. ಮನೆ ವೈರಿಂಗ್ ಬಂದರೆ ಸೋಲಾರ್ ಬಂದ ಹಾಗೆ ಅಲ್ಲ. 3 ಕಿಲೋವಾಟ್‌ಗೆ ಆರು ಪ್ಯಾನಲ್ ಸರಣಿಯಲ್ಲಿ ಹಾಕಿದರೆ, ಒಂದೊಂದಕ್ಕೆ ಸುಮಾರು 50 ವೋಲ್ಟ್ ಹಿಡಿದರೂ 300 ವೋಲ್ಟ್ ಡಿಸಿ. ಬಿಸಿಲು ಇರುವವರೆಗೆ ಅದನ್ನು ಪ್ಯಾನಲ್‌ನಲ್ಲಿ ಆಫ್ ಮಾಡಲು ಆಗುವುದಿಲ್ಲ. ಏಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ, ಆದ್ದರಿಂದ ಕಿಡಿ ಹತ್ತಿದರೂ ಆರುವ ಅವಕಾಶ ಇದೆ. ಡಿಸಿಯಲ್ಲಿ ಆ ಸೊನ್ನೆಯೇ ಇಲ್ಲ. ಕನೆಕ್ಟರ್ ಸಡಿಲ ಇದ್ದರೆ ಕಿಡಿ ಉರಿಯುತ್ತಲೇ ಇರುತ್ತದೆ. ಅದಕ್ಕೇ ಸೂರ್ಯಮಿತ್ರದಂಥ ಸೋಲಾರ್ ತರಬೇತಿ ಮಾಡಿಕೊಂಡು ಚಾವಣಿ ಹತ್ತಿ. ಸುಮ್ನೆ ಒಂದು ವಿಡಿಯೋ ನೋಡಿ ಹತ್ತಬೇಡಿ.

ಕರಾವಳಿಯ ಕಡೆಯವರು ಕೊಲ್ಲಿಯ ಬಗ್ಗೆ ಕೇಳುತ್ತಾರೆ. ಇಲ್ಲೂ ಇಬ್ಬರು ಕೇಳಿದರು. ಹೋಗಿ, ಬೇಡ ಅನ್ನುವುದಿಲ್ಲ. ಅಪ್ರೆಂಟಿಸ್ ಪ್ರಮಾಣಪತ್ರ, ಎರಡು ವರ್ಷದ ಅನುಭವ ಇಟ್ಟುಕೊಂಡು ಹೋಗಿ. ಇಲ್ಲದಿದ್ದರೆ ಅಲ್ಲೂ ಹೆಲ್ಪರ್ ಆಗಿಯೇ ಇರುತ್ತೀರಿ. ಏಜೆಂಟ್ ಸರ್ಕಾರದಲ್ಲಿ ನೋಂದಣಿ ಆದವನಾ ಎಂಬುದನ್ನು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ, ಅಥವಾ ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಮಾಡಿಸೋಣ ಅಂದರೆ, ಎದ್ದು ಬನ್ನಿ.

ಓದು ಮುಂದುವರಿಸುವ ಆಸೆ ಇದ್ದರೆ ಬಾಗಿಲು ಮುಚ್ಚಿಲ್ಲ. ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಅಲ್ಲಿಂದ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷ. ಪಾಠ ಹೇಳುವ ಆಸೆ ಇರುವವರಿಗೆ ಬೆಂಗಳೂರಿನ ತುಮಕೂರು ರಸ್ತೆಯ ಎನ್‌ಎಸ್‌ಟಿಐನಲ್ಲಿ (ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ) ಒಂದು ವರ್ಷದ ಬೋಧಕರ ತರಬೇತಿ ಇದೆ. ಈ ದಾರಿ ಹಿಡಿಯುವವರು ಕಡಿಮೆ. ಒಳ್ಳೆಯ ಮೇಷ್ಟ್ರುಗಳ ಬರ ಇರುವುದರಿಂದ ನಾನಂತೂ ಎಲ್ಲ ಕಡೆ ಇದನ್ನು ಹೇಳುತ್ತೇನೆ.

ಕೊನೆಗೆ ಒಬ್ಬ ತಾಯಿ ಕೇಳಿದರು. ಅವರ ಮಗಳಿಗೆ ಈ ಟ್ರೇಡ್ ಇಷ್ಟ, ಮನೆಯಲ್ಲಿ ಗೊಣಗುತ್ತಿದ್ದಾರೆ. ಏನು ಮಾಡಲಿ, ಮೊದಲು ಎಲ್ಲಿಗೆ ಹೋಗಲಿ ಅಂತ.

ಸೇರಿಸಿ ತಾಯಿ. ಹೆಣ್ಣುಮಕ್ಕಳಿಗೆ ಸೀಟು ಮೀಸಲಿದೆ, ಅದರಲ್ಲಿ ಎಷ್ಟೋ ಸಲ ಕೇಳುವವರೇ ಇರುವುದಿಲ್ಲ. ಪ್ಯಾನಲ್ ಬೋರ್ಡ್ ಜೋಡಿಸುವ ಮತ್ತು ಟೆಸ್ಟಿಂಗ್ ಮಾಡುವ ಕಾರ್ಖಾನೆಗಳು ಹುಡುಗಿಯರನ್ನು ಕೇಳಿ ತೆಗೆದುಕೊಳ್ಳುತ್ತವೆ. ಎಲ್ಲಿಗೆ ಹೋಗಲಿ ಅಂದಿರಲ್ಲ, ಐಟಿಐಗೆ ಹೋಗುವ ಮುಂಚೆ ಆಧಾರ್ ಕೇಂದ್ರಕ್ಕೆ ಹೋಗಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಈ ಮೂರರಲ್ಲೂ ಮಗಳ ಹೆಸರು, ಇನಿಷಿಯಲ್, ಹುಟ್ಟಿದ ತಾರೀಕು ಒಂದೇ ಥರ ಇದೆಯಾ ನೋಡಿ. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಐಟಿಐ ಪ್ರಮಾಣಪತ್ರ, ಸ್ಟೈಪೆಂಡ್, ಪರ್ಮಿಟ್ ಎಲ್ಲಾ ಕಡೆ ತಕರಾರು ಬರುತ್ತದೆ. ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಆಧಾರ್ ತಿದ್ದಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಈ ವಾರವೇ ಅರ್ಜಿ ಕೊಡಿ. ಪ್ರವೇಶ ಶುರುವಾದ ಮೇಲೆ ಅಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.